ಕೆಂಪು ವೈರಿನ ಆಸಾಮಿ

ಆತ ಸತ್ತ ಸುದ್ದಿ ಬಂದಾಗ ನಾನು ಚಳ್ಳಕೆರೆ ಬಸ್‌ಸ್ಟ್ಯಾಂಡ್ ಎದುರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ. ಫೋನನ್ನು ಜೇಬಿಗಿಟ್ಟು ಪೂರ್ತಿ ತಿಂದೆ. ಇನ್ನೆರಡು ಮೆಣಸಿನಕಾಯಿ ಹಾಕಿಸಿಕೊಂಡೆ ಕೂಡ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. "ಎಂಥಾ ಕಸುಬುದಾರ ಹೋದ" ಎಂದು ಈಗ ಲೊಚಗುಟ್ಟುವವರು ಯಾರೂ ಆತನ ಕೈಕೆಳಗೆ ಎಂಟು ತಿಂಗಳು ಕೂತವರಲ್ಲ. ನಾನು ಕೂತಿದ್ದೆ. ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಗೌರವದಿಂದಲ್ಲ, ಬರೆಯಲು ಮನಸ್ಸು ಬರುವುದಿಲ್ಲ, ಅಷ್ಟೇ.

ಮೂವತ್ತು ದಾಟಿದ ಚಳ್ಳಕೆರೆಯವರಿಗೆ ಆತ ನೆನಪಿರಬಹುದು. ಬಸ್‌ಸ್ಟ್ಯಾಂಡಿನ ಹಿಂದೆ ಬೀರುವಿನಷ್ಟು ಎತ್ತರದ ನಾಲ್ಕು ವಿಡಿಯೋ ಗೇಮ್ ಮಿಷನ್ನುಗಳ ಅಂಗಡಿ ಇಟ್ಟಿದ್ದ. ನಿಂತುಕೊಂಡು, ಎಡಗೈಯಲ್ಲಿ ಲಿವರ್ ಅಲ್ಲಾಡಿಸುತ್ತ, ಬಲಗೈಯಲ್ಲಿ ಗುಂಡಿ ಒತ್ತುತ್ತ ಆಡುವ ಆಟಗಳು. ಮನೆಮನೆಗೆ ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿತು. ಆತ ಸ್ವಂತ ಊರು ಮೊಳಕಾಲ್ಮೂರಿಗೆ ಹೋಗಿ ರೇಡಿಯೋ, ಮಿಕ್ಸಿ, ಮೋಟಾರು ಎಂದು ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿಕೊಂಡಿದ್ದ. ಎಷ್ಟೋ ವರ್ಷದ ಮೇಲೆ ಆ ಆಟಗಳಿಗೇ ಮತ್ತೆ ಕಾಲ ಬಂತು. ಹಳೆಯ ಮಿಷನ್ನಿನಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಇದೆ. ಅದನ್ನು ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ತುಂಬಿ ಟಿವಿಗೆ ಸಿಕ್ಕಿಸಿದರೆ ಆಟವೇನೋ ಬರುತ್ತದೆ. ಆದರೆ ಕೀಬೋರ್ಡು ಕುಟ್ಟಿಕೊಂಡು ಆಡಿದರೆ ಹಳಬರಿಗೆ ರುಚಿ ಹತ್ತುವುದಿಲ್ಲ, ಅದೇ ಲಿವರು, ಅದೇ ಗುಂಡಿ ಬೇಕು. ಅವನ್ನು ಪ್ಲೈವುಡ್ ಡಬ್ಬಕ್ಕೆ ಕೂಡಿಸಿ, ವೈರು ಎಳೆದು, ಆಟಕ್ಕೆ ಹೊಂದಿಸಿಕೊಡುವುದು ಆತನ ಕೆಲಸವಾಯಿತು. ಬಳ್ಳಾರಿ, ದಾವಣಗೆರೆ, ಅನಂತಪುರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು.

ನನ್ನದು ಚಳ್ಳಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಸಾಲ್ಡರಿಂಗ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಈ ಕೆಲಸವನ್ನೂ ಕಲಿತುಬಿಡೋಣವೆಂದು ವಾರಕ್ಕೆ ಮೂರು ದಿನ ಅಂಗಡಿಯ ಬಾಗಿಲು ಎಳೆದು ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿಗೆ ಹೋಗತೊಡಗಿದೆ. ಮೊದಲ ದಿನ "ಅಣ್ಣಾ, ನಮಸ್ಕಾರ" ಎಂದೆ.

"ನಾನೇನು ನಿಮ್ಮವ್ವನ ಮಗನಾ? ಸಾರ್ ಅನ್ನು" ಎಂದ.

ಅಂದೆ. ನನ್ನ ಕೈಗೆ ಡ್ರಿಲ್ ಮಿಷನ್ನನ್ನೂ ದುಂಡನೆ ತೂತು ಕೊರೆಯುವ ಹೋಲ್‌ಸಾ ಬ್ಲೇಡನ್ನೂ ಕೊಟ್ಟು, ಪ್ಲೈವುಡ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ. ಲಿವರಿಗೊಂದು, ಗುಂಡಿಗೆ ಎಂಟು, ಒಟ್ಟು ಒಂಬತ್ತು ತೂತು. ಎಂಟು ತಿಂಗಳು ನಾನು ಮಾಡಿದ್ದು ಅದೊಂದೇ. ಸಾಲ್ಡರಿಂಗ್ ಕಡ್ಡಿ ಮುಟ್ಟಲು ಬಿಡಲಿಲ್ಲ. ವೈರಿನ ಸುರುಳಿಯನ್ನು ಎತ್ತಿ ಕೊಡಲು ಹೋದರೂ "ಏಯ್, ತೂತಿನವ್ನು ತೂತಿನ ಹತ್ರ ಇರು" ಎನ್ನುತ್ತಿದ್ದ. ಗಿರಾಕಿಗಳ ಮುಂದೆಯೂ ನನ್ನ ಹೆಸರು ತೂತಿನವನು. ಮೂವತ್ತೈದು ದಾಟಿದ, ಸ್ವಂತ ಅಂಗಡಿಯಿರುವ ಗಂಡಸು ನಾನು. ಮೈಮೇಲೆಲ್ಲ ಹೊಟ್ಟು ಸುರಿಸಿಕೊಂಡು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ.

ವೈರು ಹಾಕುವಾಗ ಆತ ಡಬ್ಬದ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರಲ್ಲ, ಹಾಗೆ. ಎರಡೂ ಕೈ ಟವೆಲ್ಲಿನ ಅಡಿಯಲ್ಲಿ, ಮುಖ ಸೂರಿನ ಕಡೆ, ಬಾಯಿಯಲ್ಲಿ ಕಡ್ಡಿಪುಡಿ. ನಾನು ಕಲಿತುಬಿಟ್ಟೇನೆಂದು ಮುಚ್ಚಿಡುತ್ತಾನೆ ಎಂದುಕೊಂಡೆ. ಅದು ಸಾಲದೆಂಬಂತೆ ಎಲ್ಲ ವೈರೂ ಕೆಂಪು. ಹತ್ತು ಹದಿನೈದು ವೈರು ಸೇರುವ ಕಡೆ ಯಾವನಾದರೂ ಬುದ್ಧಿಯಿದ್ದವನು ಬಣ್ಣಬಣ್ಣದ ವೈರು ಹಾಕುತ್ತಾನೆ, ನಾಳೆ ಕೆಟ್ಟರೆ ಯಾವುದು ಯಾವುದೆಂದು ತಿಳಿಯಲಿ ಅಂತ. ಆತ ಎಲ್ಲವನ್ನೂ ಒಂದೇ ಕಟ್ಟು ಮಾಡಿ, ಪ್ಲಾಸ್ಟಿಕ್ ಪಟ್ಟಿಯ ಬದಲು ನೂಲಿನಲ್ಲಿ ಬಿಗಿದು ಕಟ್ಟುತ್ತಿದ್ದ. ಕರೆಂಟ್ ನೋಡುವ ಮೀಟರನ್ನು ಇಟ್ಟವನೇ ಅಲ್ಲ. ಯಾಕೆಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು:

"ಬಣ್ಣ ನಂಬೋನು ಕುರುಡ. ಪೋರಾ, ತೂತು ಕೊರಿ."

ಪೋರಾ ಎಂದರೆ ತೆಲುಗಿನಲ್ಲಿ ಹೋಗೋ ಎಂದು. ಬೈಯುವಾಗ ಆತನಿಗೆ ತೆಲುಗೇ ಸಲೀಸು.

ಒಮ್ಮೆ ಸುರುಳಿ ಮುಗಿದು ಅಂಗಡಿಯಿಂದ ಹೊಸದು ತಂದಿದ್ದ. ಟವೆಲ್ ಸರಿದಾಗ ನೋಡಿದರೆ ಅರ್ಧ ಕೆಂಪು, ಅರ್ಧ ಹಸಿರು. ನನಗೆ ಖುಷಿಯಾಯಿತು. "ಸಾರ್, ಇದು ಹಸಿರು! ಈಗ ಬುದ್ಧಿ ಬಂತು ನೋಡ್ರಿ" ಎಂದು ನಕ್ಕೆ. ಆತ ನಗಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ನನ್ನ ಕಡೆಗೆ ಬೀಸಿ ಒಗೆದ. ಅದು ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. ಆ ಡಬ್ಬದ ವೈರನ್ನೆಲ್ಲ ಕಿತ್ತು ಮರುದಿನ ಹೊಸದಾಗಿ ಹಾಕಿದ, ಅಂಗಡಿಯವನ ಹತ್ತಿರ ಜಗಳಾಡಿ ತಂದ ಕೆಂಪು ವೈರಿನಲ್ಲಿ.

ಆತನಿಗೆ ಕೆಲಸ ಬರುತ್ತಿತ್ತೇ ಎಂದರೆ ಬರುತ್ತಿತ್ತು, ಅದನ್ನು ಅಲ್ಲಗಳೆಯಲಾರೆ. ಪ್ಲೈವುಡ್ಡಿಗೆ ಕಿವಿಯಿಟ್ಟು, ಲಿವರನ್ನು ನಾಲ್ಕು ದಿಕ್ಕಿಗೂ ಒತ್ತಿ, ಒಳಗಿನ ನಾಲ್ಕು ಪುಟ್ಟ ಸ್ವಿಚ್ಚುಗಳ 'ಟಿಕ್' ಶಬ್ದ ಕೇಳುತ್ತಿದ್ದ. ನಾಲ್ಕರಲ್ಲಿ ಒಂದರ ಸದ್ದು ಎಳ್ಳಷ್ಟು ಬೇರೆಯಿದ್ದರೂ ಕಿತ್ತು ಬಿಸಾಡುತ್ತಿದ್ದ. ಆದರೆ ಆ ಕೆಲಸಗಾರಿಕೆಯ ಬೆಲೆಯನ್ನು ಎದುರಿಗಿದ್ದವರ ಮಾನದಲ್ಲಿ ವಸೂಲು ಮಾಡುತ್ತಿದ್ದ. ಬಿ.ಜಿ. ಕೆರೆಯ ಹೋಟೆಲಿನವನೊಬ್ಬ ಆತನ ಡಬ್ಬದ ಮೇಲೆ ಟೀ ಲೋಟ ಇಟ್ಟನಂತೆ. ಅದನ್ನು ಕಂಡ ಆತ ಅಲ್ಲೇ ಆಡುತ್ತಿದ್ದವರನ್ನು ಎಬ್ಬಿಸಿ, ವೈರು ಕಿತ್ತು, ಡಬ್ಬ ಎತ್ತಿಕೊಂಡು ಬಸ್ಸು ಹತ್ತಿದ. ತಳಕಿನಿಂದ ಬಂದಿದ್ದ ಮೇಷ್ಟ್ರೊಬ್ಬರು ಬೇರೆ ಕಡೆ ಕೊಂಡ ಡಬ್ಬವನ್ನು ರಿಪೇರಿಗೆ ತಂದರೆ, ಒಂದು ಗುಂಡಿ ಒತ್ತಿ ನೋಡಿ "ಇದಕ್ಕೆ ಜ್ವರ ಬಂದೈತೆ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ರಿ" ಎಂದು ವಾಪಸ್ ಕಳಿಸಿದ. ಆ ಬಡಪಾಯಿ ಎರಡು ಬಸ್ಸು ಹಿಡಿದು ಬಂದಿದ್ದರು.

ಇಷ್ಟಕ್ಕೆಲ್ಲ ನಾನು ಆತನನ್ನು ದ್ವೇಷಿಸುತ್ತಿರಲಿಲ್ಲ. ದ್ವೇಷ ಹುಟ್ಟಿದ್ದು ನನ್ನ ತಮ್ಮನಿಂದ.

ತಮ್ಮ ತಿಪ್ಪೇಶ ಶಾಲೆಗೆ ಹೋಗುವಾಗ ಆತನ ಗೇಮ್ ಅಂಗಡಿಯಲ್ಲೇ ಬೆಳೆದವನು. ಅವನು ಮಿಷನ್ ಮುಂದೆ ನಿಂತರೆ ಹಿಂದೆ ಗುಂಪು ಕಟ್ಟುತ್ತಿತ್ತು. ದೊಡ್ಡವನಾಗಿ ಎಣ್ಣೆ ಮಿಲ್ಲಿಗೆ ಸೇರಿದ. ಅಲ್ಲಿ ಬೆಲ್ಟಿಗೆ ಸಿಕ್ಕಿ ಬಲಗೈಯ ನಡುವಿನ ಮೂರು ಬೆರಳು ಹೋದವು, ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ಗಾಯ ಮಾಯ್ದ ಮೇಲೆಯೂ ಅವನು ಮನೆಯಿಂದ ಹೊರಬೀಳಲಿಲ್ಲ. ಕೈಗೆ ಟವೆಲ್ ಸುತ್ತಿಕೊಂಡು ನಡುಮನೆಯಲ್ಲಿ ಕೂತಿರುತ್ತಿದ್ದ. ಅವ್ವ ಊಟಕ್ಕಿಟ್ಟರೆ ಉಂಡ, ಇಲ್ಲದಿದ್ದರೆ ಇಲ್ಲ. ಆ ಕೈ ಮತ್ತೆ ಏನನ್ನಾದರೂ ಹಿಡಿಯಬೇಕು ಎನ್ನುವುದೊಂದೇ ನನ್ನ ಹಂಬಲವಾಗಿತ್ತು.

ಎಡಬಲ ಬದಲಾಯಿಸಿದ ಡಬ್ಬ ಮಾಡಿದರಾಯಿತು ಎಂದು ಹೊಳೆಯಿತು. ಲಿವರನ್ನು ಬಲಕ್ಕಿಟ್ಟರೆ ಹೆಬ್ಬೆರಳು ಅಂಗೈ ಸೇರಿಸಿ ಹಿಡಿಯಬಹುದು, ಗುಂಡಿಗಳನ್ನು ಎಡಗೈಯಲ್ಲಿ ಒತ್ತಬಹುದು. ಆತನನ್ನು ಕೇಳಿದೆ. ಕೈಮುಗಿದೇ ಕೇಳಿದೆ.

"ನನ್ನ ಡಬ್ಬದಾಗೆ ಲಿವರ್ ಎಡಕ್ಕೆ" ಎಂದ.

"ಸಾರ್, ತಿಪ್ಪೇಶನಿಗೆ. ನಿಮ್ಮ ಅಂಗಡೀಲಿ ಆಡ್ತಿದ್ನಲ್ಲ, ಅವನಿಗೆ. ಕೈ ಹಿಂಗಾಗೈತೆ."

"ಕೇಳಿಸ್ತು. ನನ್ನ ಡಬ್ಬದಾಗೆ ಲಿವರ್ ಎಡಕ್ಕೆ. ಅಂತೇ."

ತೆಲುಗಿನ ಆ 'ಅಂತೇ' ಎಂದರೆ ಅಷ್ಟೇ, ಮಾತು ಮುಗಿಯಿತು ಎಂದು. ಅವತ್ತೇ ಎದ್ದು ಬಂದೆ. ಬರುವಾಗ ಹೋಲ್‌ಸಾ ಬ್ಲೇಡು ಚೀಲದಲ್ಲೇ ಉಳಿದಿತ್ತು. ಮರೆತು ಉಳಿಯಿತೋ ಬೇಕೆಂದೇ ಉಳಿಸಿಕೊಂಡೆನೋ, ಈಗ ನಾನೂ ಹೇಳಲಾರೆ.

ಡಬ್ಬವನ್ನು ನಾನೇ ಮಾಡಿದೆ. ತೂತು ಕೊರೆಯುವುದನ್ನಂತೂ ಯಾರೂ ಕಲಿಸಬೇಕಾಗಿರಲಿಲ್ಲ. ಸಾಮಾನುಗಳನ್ನು ಆನ್‌ಲೈನಿನಲ್ಲಿ ತರಿಸಿ, ಲಿವರನ್ನು ಬಲಕ್ಕೆ ಕೂರಿಸಿ, ಆತನಿಗೆ ಸಡ್ಡು ಹೊಡೆಯುವಂತೆ ಎಂಟು ಬಣ್ಣದ ವೈರು ಹಾಕಿದೆ. ಎಮ್ಯುಲೇಟರ್ ಮೊದಲ ಸಲ ಶುರುವಾದಾಗ 'ಮೇಲೆ ಯಾವುದು? ಕೆಳಗೆ ಯಾವುದು?' ಎಂದು ಒಂದೊಂದನ್ನೇ ಕೇಳುತ್ತದೆ. ಆಗಿನ್ನೂ ಡಬ್ಬದ ಅಡಿ ತೆರೆದಿತ್ತು. ಮೊಬೈಲ್ ರಿಪೇರಿಯವನ ಬುದ್ಧಿ, ಲಿವರ್ ಮುಟ್ಟದೆ ಒಳಗಿನ ಸ್ವಿಚ್ಚುಗಳನ್ನೇ ಬೆರಳಲ್ಲಿ ಒತ್ತಿ ಉತ್ತರ ಕೊಟ್ಟೆ. ಮೇಲೆ ಎಂದಾಗ ಮೇಲಿನದು, ಕೆಳಗೆ ಎಂದಾಗ ಕೆಳಗಿನದು. ನಾನು ಹುಟ್ಟಿದಾಗಿನಿಂದ ಇಂಥ ಒಂದು ಆಟವನ್ನೂ ಆಡಿದವನಲ್ಲ. ಸೆಟ್ಟಾಯಿತು ಎಂದುಕೊಂಡು ಅಡಿ ಮುಚ್ಚಿ ತಿಪ್ಪೇಶನ ಮುಂದಿಟ್ಟೆ.

ಮೊದಲ ವಾರ ಅವನು ಸುಮ್ಮನೆ ಸೋಲುತ್ತಿದ್ದ. ಕೈ ಹಾಗಾಗಿರುವುದಕ್ಕೆ ಎಂದುಕೊಂಡೆ. "ಹೆಂಗೈತೋ?" ಎಂದರೆ "ಚೆನ್ನಾಗೈತೆ ಅಣ್ಣ" ಎನ್ನುತ್ತಿದ್ದ. ಎರಡು ತಿಂಗಳಲ್ಲಿ ಗೆಲ್ಲತೊಡಗಿದ. ಕೈಗೆ ಸುತ್ತುತ್ತಿದ್ದ ಟವೆಲ್ ಹೋಯಿತು. ಸಂಜೆ ಅಕ್ಕಪಕ್ಕದವರು ಬಂದು ಕೂರುವಂತಾದರು, ಅವರ ಜೊತೆ ಬೀದಿಗೂ ಹೋಗಿ ಬರತೊಡಗಿದ. ಅವನ ಡಬ್ಬವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. "ಇದು ನನ್ನ ಕೈಗೆ ಮಾಡಿದ್ದು" ಎನ್ನುತ್ತಿದ್ದ. ಬಂದವರಿಗೆಲ್ಲ ನಾನು ಅದನ್ನು ಹೆಂಗೆ ಮಾಡಿದೆ ಎಂದು ವಿವರಿಸಿದ್ದೇ ವಿವರಿಸಿದ್ದು. ನನ್ನ ಜನ್ಮದಲ್ಲಿ ಅಷ್ಟು ಸಂತೋಷವಾಗಿದ್ದ ದಿನಗಳು ಬೇರೆ ಇಲ್ಲ.

ಆಗ ಬಂದ ಆಸಾಮಿ. ತನ್ನ ಹೋಲ್‌ಸಾ ಬ್ಲೇಡು ವಾಪಸ್ ಕೇಳಲು! ಅದಕ್ಕಾಗಿ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದಿದ್ದ. ಮನೆಯಲ್ಲಿ ಪಕ್ಕದ ಮನೆಯ ನಾಲ್ಕು ಜನ ಇದ್ದರು, ಅವ್ವ ಇದ್ದಳು, ತಿಪ್ಪೇಶ ಆಡುತ್ತಿದ್ದ. ಅವ್ವ ಟೀ ಕೊಟ್ಟಳು. ನಾವೆಲ್ಲ ಟಿವಿ ನೋಡುತ್ತಿದ್ದರೆ ಆತ ತಮ್ಮನ ಕೈ ನೋಡುತ್ತಿದ್ದ. ಟೀ ಅರ್ಧ ಆಗಿರಲಿಲ್ಲ.

"ಲೇ ತಿಪ್ಪ, ಇದು ಉಲ್ಟಾ ಐತಲ್ಲೋ!"

ತಿಪ್ಪೇಶ ಆಡುವುದನ್ನು ನಿಲ್ಲಿಸಿದ.

"ಮೇಲಕ್ಕೆ ತಳ್ಳಿದ್ರೆ ಕೂರ್ತಾನೆ, ಎಡಕ್ಕೆ ಅಂದ್ರೆ ಬಲಕ್ಕೋಡ್ತಾನೆ. ಲಿವರ್ ಮೇಲಕ್ಕೆ ಹೋದ್ರೆ ಅದರ ಬುಡ ಕೆಳಕ್ಕೆ ಹೋಗ್ತೈತೆ, ಒತ್ತೋದು ಕೆಳಗಿನ ಸ್ವಿಚ್ಚು. ಅಷ್ಟೂ ಗೊತ್ತಿಲ್ಲ ನಿಮ್ಮಣ್ಣಂಗೆ. ನೀನ್ಯಾಕೆ ಬಾಯಿ ಮುಚ್ಕೊಂಡು ಆಡ್ತಿದ್ದೀಯಾ?"

ತಮ್ಮ ಲಿವರ್ ಬಿಟ್ಟು ಪಕ್ಕಕ್ಕೆ ಸರಿದ. ನಾನು ಎದ್ದುಹೋಗಿ ಲಿವರನ್ನು ಮೇಲಕ್ಕೆ ತಳ್ಳಿದೆ. ಪರದೆಯ ಮೇಲಿನ ಗೊಂಬೆ ಕುಕ್ಕರಿಸಿತು. ಪಕ್ಕದ ಮನೆಯವರಲ್ಲೊಬ್ಬರು ಕಿಸಕ್ಕನೆ ನಕ್ಕರು. ಆತ ನನ್ನ ಕಡೆ ತಿರುಗಿ, ಎಲ್ಲರ ಮುಂದೆ, ಹೀಗೆಂದ:

"ಮಿಲ್ಲು ಬೆರಳು ತಗಂತು. ಉಳಿದಿದ್ದ ಕೈನ ನೀನು ಕೆಡಿಸಿದೆ."

ಟೀ ಪೂರ್ತಿ ಕುಡಿದು, ಬ್ಲೇಡು ತೆಗೆದುಕೊಂಡು ಹೋದ.

ಎಲ್ಲರೂ ಹೋದ ಮೇಲೆ ತಮ್ಮನನ್ನು ಕೇಳಿದೆ. "ಯಾಕೋ ಹೇಳಲಿಲ್ಲ?"

"ನೀನು ತಿಂಗಳಗಟ್ಟಲೆ ಕೂತು ಮಾಡಿದ್ದೆ ಅಣ್ಣ. ಮುಖ ಹಿಂಗೆ ಅರಳಿತ್ತು. ಹೆಂಗೆ ಹೇಳ್ಲಿ? ಕಲಿತರಾಯ್ತು ಅಂತ ಕಲಿತೆ."

ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಅವನನ್ನು ಕೇಳದೆ ಮರುದಿನವೇ ಡಬ್ಬ ಬಿಚ್ಚಿ ವೈರು ಅದಲುಬದಲು ಮಾಡಿದೆ. ಐದು ನಿಮಿಷದ ಕೆಲಸ. ಸಂಜೆ ಅವನು ಕೂತ, ಲಿವರ್ ಹಿಡಿದ, ಎರಡು ಆಟ ಸೋತ. "ಈಗ ಇದು ನಂಗೆ ಬರಲ್ಲ ಅಣ್ಣ" ಎಂದು ಎದ್ದ. ಹಳೆಯದಕ್ಕೇ ತಿರುಗಿಸುತ್ತೇನೆಂದೆ. ಬ್ಯಾಡ ಎಂದ, ಎಲ್ಲರಿಗೂ ಗೊತ್ತಾಗೈತಲ್ಲ ಎಂದ. ಡಬ್ಬದ ಮೇಲೆ ಬಟ್ಟೆ ಬಿತ್ತು, ಅವನ ಕೈಗೆ ಮತ್ತೆ ಟವೆಲ್ ಬಂತು. ಎರಡು ವರ್ಷ ಹಾಗೇ ಹೋಯಿತು. ಆ ಎರಡು ವರ್ಷ ಅವ್ವ ತಮ್ಮನನ್ನು ಊಟಕ್ಕೆ ಕರೆಯುವ ದನಿ ಕೇಳಿದಾಗಲೆಲ್ಲ ನಾನು ಆತನನ್ನು ಮನಸಾರೆ ಶಪಿಸಿದ್ದೇನೆ.

ಸತ್ತ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ತಿಪ್ಪೇಶ ಅಂಗಿ ಹಾಕಿಕೊಂಡ. "ಮಣ್ಣಿಗೆ ಹೋಗಿ ಬರೋಣ" ಎಂದ. ಎಲ್ಲಿಗೂ ಹೊರಡದವನು ತಾನಾಗಿ ಹೊರಟನಲ್ಲ ಎಂದು ನಾನೂ ಹೋದೆ, ಆತನಿಗಾಗಿ ಅಲ್ಲ.

ಎಲ್ಲ ಮುಗಿದು ಜನ ಚದುರಿದ ಮೇಲೆ ಆತನ ಹೆಂಡತಿ ನಮ್ಮನ್ನು ಒಳಗೆ ಕರೆದರು. ಆ ಮನೆಯಲ್ಲಿ ಬಾಯಿ ತುಂಬ ಮಾತಾಡಿದ್ದನ್ನು ನಾನು ಕಂಡೇ ಇರದ ಹೆಂಗಸು. ಮೇಜಿನ ಮೇಲೆ ಅರ್ಧ ಮಾಡಿದ ಡಬ್ಬ, ಅದರ ಮೇಲೆ ಅದೇ ಟವೆಲ್.

"ಇಲ್ಲೇ ಸಿದ್ದಾಪುರದವರೊಬ್ಬರಿಗೆ ಮಾಡ್ತಿದ್ರಪ್ಪ. ಬೆಟ್ಟ ನೋಡೋಕೆ ಬರೋರಿಗೆ ರೂಮು ಕೊಡ್ತಾರಂತಲ್ಲ, ಅವರಿಗೆ. ನೀನು ಅವರ ಶಿಷ್ಯ. ಮುಗಿಸಿ ಕೊಡ್ತೀಯಾ?"

ಶಿಷ್ಯ! ನಗು ಬಂತು, ಸಾವಿನ ಮನೆಯೆಂದು ನುಂಗಿಕೊಂಡೆ. ಟವೆಲ್ ತೆಗೆದು ನೋಡಿದೆ. ಹದಿನೈದು ಕೆಂಪು ವೈರು, ಜಡೆಯಂತೆ ಬಿಗಿದ ಕಟ್ಟು, ಬೋರ್ಡಿಗೆ ಸೇರಬೇಕಾದ ತುದಿಗಳು ಹಾಗೇ ಚಾಚಿಕೊಂಡಿವೆ. ಯಾವುದು ಎಲ್ಲಿಂದ ಬಂತೆಂದು ದೇವರೇ ಹೇಳಬೇಕು. ಮೀಟರ್ ಇದ್ದರೆ ಒಂದೊಂದನ್ನೇ ಹಿಡಿದು ನೋಡಬಹುದಿತ್ತು, ಸಾವಿನ ಮನೆಗೆ ಮೀಟರ್ ಒಯ್ಯುವವರು ಯಾರು? "ಅಮ್ಮಾ, ಬೇರೆಯವರು ಬಿಚ್ಚಬಾರದು ಅಂತಲೇ ಸಾರ್ ಎಲ್ಲ ಕೆಂಪು ಹಾಕಿದಾರೆ" ಎಂದೆ. ದನಿಯಲ್ಲಿ ಕಹಿಯಿತ್ತು.

"ಅಯ್ಯೋ, ಅದು ಹಂಗಲ್ಲ" ಎಂದರು ಆಕೆ. "ಅವರಿಗೆ ಕೆಂಪು ಹಸಿರು ಒಂದೇ ತರ ಕಾಣ್ತಿತ್ತಪ್ಪ. ಹುಟ್ಟಿನಿಂದ. ಇವರದ್ದು ಮಗ್ಗದ ಮನೆ. ಹುಡುಗರಾಗಿದ್ದಾಗ ಕೆಂಪು ಸೆರಗಿಗೆ ಗೇಣುದ್ದ ಹಸಿರು ರೇಷ್ಮೆ ನೇಯ್ದುಬಿಟ್ರಂತೆ. ಅವರಪ್ಪ ಬೀದಿಯೋರನ್ನೆಲ್ಲ ಕರೆದು ತೋರಿಸಿ, ಮಗ್ಗದಿಂದ ಎಬ್ಬಿಸಿ ಕಳಿಸಿದ್ರು. ಮತ್ತೆ ಮಗ್ಗ ಮುಟ್ಟಲಿಲ್ಲ. ಯಾರಿಗೂ ಹೇಳಬ್ಯಾಡ ಅಂತ ನನ್ನ ಹತ್ರ ಆಣೆ ಹಾಕಿಸ್ಕಂಡಿದ್ರು."

ಮರುಕ ಬರಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು, ಮೊದಲಿಗಿಂತ ಹೆಚ್ಚಿನ ಸಿಟ್ಟು. ನಾಲ್ಕು ಜನರ ಮುಂದೆ ಕುಂದು ಬಯಲಾದರೆ ಹೇಗಿರುತ್ತದೆ ಎಂದು ಗೊತ್ತಿದ್ದವನು ಆತ. ತನ್ನದನ್ನು ಸಾಯುವ ತನಕ ಟವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಂಡ. ನನ್ನ ತಮ್ಮ ಮುಚ್ಚಿಟ್ಟುಕೊಂಡಿದ್ದನ್ನು ನಮ್ಮ ನಡುಮನೆಯಲ್ಲಿ, ನಮ್ಮ ಟೀ ಕುಡಿಯುತ್ತ, ಎಳೆದು ಒಗೆದ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ.

ನಾನು ಹೊರಡಲೆಂದು ತಿರುಗಿದರೆ ತಿಪ್ಪೇಶ ಮೇಜಿನ ಮುಂದೆ ಕೂತಿದ್ದ. ಬಲಗೈಯ ಟವೆಲ್ ಬಿಚ್ಚಿ, ಹೆಬ್ಬೆರಳು ಅಂಗೈಯಲ್ಲಿ ಡಬ್ಬವನ್ನು ಒತ್ತಿ ಹಿಡಿದಿದ್ದ. ಎಡಗೈ ಡಬ್ಬದ ಒಳಗೆ. ಕಣ್ಣು ಮುಚ್ಚಿತ್ತು.

"ಅಣ್ಣ, ಗಂಟು ಐತೆ."

"ಎಂಥಾ ಗಂಟು?"

"ನೂಲಿನಾಗೆ. ಸ್ವಿಚ್ಚಿನ ಹತ್ರ ಒಂದು ಗಂಟು, ಈ ತುದೀಲೂ ಒಂದು ಗಂಟು. ಅದು ಒಂದೇ ವೈರು. ಇದಕ್ಕೆ ಎರಡು. ಇದಕ್ಕೆ ಮೂರು." ಲಿವರನ್ನು ಮೇಲಕ್ಕೆ ತಳ್ಳಿ, ಒಳಗೆ ಬೆರಳಿಟ್ಟು ನೋಡಿದ. "ಒಂದು ಗಂಟಿಂದು ಮೇಲಕ್ಕೆ."

ಮಗ್ಗದವರು ಕಡಿದ ಎಳೆ ಕೂಡಿಸಲು ಹಾಕುವ, ಸಾಸಿವೆಗಿಂತ ಚಿಕ್ಕ ಗಂಟುಗಳು. ಎಂಟು ತಿಂಗಳು ಎದುರಿಗೆ ಕೂತಿದ್ದ ನನಗೆ ಒಂದೂ ಕಂಡಿರಲಿಲ್ಲ. ತಿಪ್ಪೇಶ ಊಟದ ಹೊತ್ತಿಗೆ ಅಷ್ಟೂ ತುದಿಗಳನ್ನು ಬೋರ್ಡಿಗೆ ಸೇರಿಸಿದ. ಟಿವಿಗೆ ಸಿಕ್ಕಿಸಿ ಮೇಲಕ್ಕೆ ತಳ್ಳಿದರೆ ಗೊಂಬೆ ಹಾರಿತು. ಅವನು ನಕ್ಕ. ಎರಡು ವರ್ಷದ ಮೇಲೆ ಅವನ ಹಲ್ಲು ನೋಡಿದೆ.

ಆತನ ಹೆಂಡತಿ ಸಾಮಾನುಗಳನ್ನೆಲ್ಲ ಚೀಲಕ್ಕೆ ತುಂಬಿ ತಮ್ಮನ ಕೈಗೆ ಕೊಟ್ಟರು. ಲಿವರುಗಳು, ಗುಂಡಿಗಳು, ಕೆಂಪು ವೈರಿನ ಸುರುಳಿ, ನೂಲಿನ ಉಂಡೆ. ತಳದಲ್ಲಿ ಆ ಹೋಲ್‌ಸಾ ಬ್ಲೇಡು.

ಈಗ ನಮ್ಮ ನಡುಮನೆಯಲ್ಲಿ ತಿಪ್ಪೇಶ ಡಬ್ಬ ಮಾಡುತ್ತಾನೆ. ಎಡಗೈಯಿಂದಲೂ ಹಲ್ಲಿನಿಂದಲೂ ಗಂಟು ಹಾಕುತ್ತಾನೆ. ಮಾಮೂಲಿಗೆ ಲಿವರ್ ಎಡಕ್ಕೆ, ಬೇಕೆಂದವರಿಗೆ ಬಲಕ್ಕೆ. ಬಿ.ಜಿ. ಕೆರೆಯ ಹೋಟೆಲಿನವನು ಮತ್ತೆ ಬಂದು ಒಯ್ದಿದ್ದಾನೆ, ಲೋಟ ಇಡುವುದಿಲ್ಲವೆಂದು ಮಾತು ಕೊಟ್ಟು. ಮೊನ್ನೆ ನಾನು ಪಕ್ಕದಲ್ಲಿ ಕೂತು ಸುಮ್ಮನಿರಲಾರದೆ, "ಬಣ್ಣದ ವೈರು ತರ್ಲೇನೋ? ಎರಡು ವೈರು ನಾನೂ ಹಾಕ್ತೀನಿ" ಎಂದೆ.

"ವೈರಿನ ತಂಟೆಗೆ ನೀನು ಬರಬ್ಯಾಡಣ್ಣ" ಎಂದ ತಲೆಯೆತ್ತದೆ, ಮುಂದೆ ಇದ್ದ ಹಲಗೆಯನ್ನು ನನ್ನ ಕಡೆ ತಳ್ಳುತ್ತ. "ನೀನು ತೂತು ಕೊರಿ."

ಕೊರೆಯುತ್ತಿದ್ದೇನೆ. ಒಂದು ಡಬ್ಬಕ್ಕೆ ಒಂಬತ್ತು. ಮೈಮೇಲೆಲ್ಲ ಹೊಟ್ಟು ಸುರಿಯುತ್ತದೆ, ಆತನನ್ನು ಬೈದುಕೊಳ್ಳುತ್ತೇನೆ, ಪಕ್ಕದಲ್ಲಿ ತಮ್ಮ ಹಲ್ಲಿನಲ್ಲಿ ನೂಲು ಕಚ್ಚಿ ಎಳೆಯುತ್ತಾನೆ. ಮಣ್ಣಿಗೆ ಹೋದ ಮೇಲೂ ಆ ಆಸಾಮಿ ನನಗೆ ಬೇರೆ ಕೆಲಸ ಕೊಡಲಿಲ್ಲ.